ಪೋಪರ ಪತ್ರದಲ್ಲಿ ಒಬ್ಬ ಸೂಫಿ

ಪೋಪ್ ಫ್ರಾನ್ಸಿಸ್ 2015ರ ಜೂನ್‌ನಲ್ಲಿ ಪ್ರಕಟಿಸಿದ 'ಲೌದಾತೊ ಸೀ' ಪತ್ರ ಪರಿಸರದ ಕುರಿತಾದದ್ದು. ಓದುತ್ತಾ ನಾನು ನಿಂತುಬಿಟ್ಟದ್ದು 233ನೇ ಪರಿಚ್ಛೇದದ ಅಡಿಟಿಪ್ಪಣಿಯಲ್ಲಿ. ಅಲ್ಲಿದ್ದ ಹೆಸರು ಅಲೀ ಅಲ್-ಖವ್ವಾಸ್! 16ನೇ ಶತಮಾನದ ಈಜಿಪ್ಟಿನ ಈ ಸೂಫಿಗೆ ಓದುಬರಹ ಗೊತ್ತಿರಲಿಲ್ಲ. ಅವರ ಮಾತುಗಳನ್ನು ಬರೆದಿಟ್ಟವರು ಶಿಷ್ಯ ಶಅ್‌ರಾನಿ. ಹರಿಯುವ ನೀರು, ತೂಗುವ ಮರ, ನೊಣದ ಗುಂಯ್‌ಗುಡುವಿಕೆ, ಕಡೆಗೆ ಬಾಗಿಲಿನ ಕಿರುಗುಟ್ಟುವಿಕೆಯಲ್ಲೂ ಅಲ್ಲಾಹನ ಗುಟ್ಟಿದೆ ಎಂದವರು ಅವರು. ಕತೆ ಬರೆಯುವ ನನಗೆ ಆ ಬಾಗಿಲೇ ಹೆಚ್ಚು ಹಿಡಿಸಿತು.

ಚರ್ಚಿನ ಉಪದೇಶ ಇಲ್ಲಿಗೆ ಸುಲಭವಾಗಿ ಬಂದದ್ದಲ್ಲ. 1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್, ಪರಿಸರದ ಬಿಕ್ಕಟ್ಟಿಗೆ ಪಾಶ್ಚಾತ್ಯ ಕ್ರೈಸ್ತ ಧರ್ಮವನ್ನೇ ಹೊಣೆ ಮಾಡಿದರು. ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯ ಮನುಷ್ಯನಿಗೆ ಭೂಮಿಯ ಮೇಲೆ ಒಡೆತನ ಕೊಡುತ್ತದೆ. ಎರಡನೆಯದು ತೋಟವನ್ನು ವ್ಯವಸಾಯ ಮಾಡಿ ಕಾಯುವ ಕೆಲಸ ಕೊಡುತ್ತದೆ. ಒಡೆತನದ ಮಾತಷ್ಟೇ ಜನರ ಕಿವಿಯಲ್ಲಿ ಉಳಿಯಿತೆಂದು ಕಾಣುತ್ತದೆ. ಅದೇ ವೈಟ್, ಪರಿಸರವಾದಿಗಳಿಗೆ ಅಸ್ಸಿಸಿಯ ಸಂತ ಫ್ರಾನ್ಸಿಸ್ ಪಾಲಕ ಸಂತನಾಗಲಿ ಎಂದಿದ್ದರು. 1979ರಲ್ಲಿ ಎರಡನೇ ಜಾನ್ ಪಾಲ್ ಹಾಗೆಯೇ ಘೋಷಿಸಿದರು. (1219ರಲ್ಲಿ ಕ್ರುಸೇಡಿನ ನಡುವೆ ಸುಲ್ತಾನ್ ಅಲ್-ಕಾಮಿಲ್‌ನನ್ನು ಕಾಣಲು ಹೋದವನೂ ಈ ಸಂತನೇ.) 1997ರಲ್ಲಿ ಆರ್ಥೊಡಾಕ್ಸ್ ಪೇಟ್ರಿಯಾರ್ಕ್ ಬಾರ್ತಲೊಮ್ಯು, ಪ್ರಕೃತಿಗೆ ಎಸಗುವ ಹಾನಿಯೂ ಪಾಪ ಎಂದರು. ದುರಾಸೆಗೆ, ಸುಳ್ಳಿಗೆ ಬಳಸುವ ಪದವನ್ನೇ ನದಿ ಕೆಡಿಸಿದವನಿಗೂ ಬಳಸುವುದು ಸಣ್ಣ ಸಂಗತಿಯಲ್ಲ. ಧರ್ಮಗ್ರಂಥವನ್ನು ಕ್ರೈಸ್ತರು ಕೆಲವೊಮ್ಮೆ ತಪ್ಪಾಗಿ ಅರ್ಥೈಸಿದ್ದುಂಟು ಎಂದು 'ಲೌದಾತೊ ಸೀ' ಕೂಡ ಒಪ್ಪಿಕೊಂಡಿದೆ. ಈ ಒಪ್ಪಿಕೊಳ್ಳುವಿಕೆಯ ಬಗ್ಗೆ ನನಗೆ ಗೌರವವಿದೆ.

ಇನ್ನು ನಮ್ಮ ಮಾತು. ಕುರ್‌ಆನ್ ಮನುಷ್ಯನನ್ನು ಭೂಮಿಯ ಮೇಲಿನ ಖಲೀಫ ಎನ್ನುತ್ತದೆ. ನಾವೂ ಆ ಪದದಲ್ಲಿ ಅಧಿಕಾರವನ್ನು ಕೇಳಿಸಿಕೊಂಡಷ್ಟು ಅಮಾನತನ್ನು ಕೇಳಿಸಿಕೊಂಡಿಲ್ಲ. ಹರಿವ ಹೊಳೆಯ ದಡದಲ್ಲಿ ವುಝೂ ಮಾಡಿದರೂ ನೀರು ಪೋಲು ಮಾಡಬೇಡಿ, ಕಿಯಾಮತ್ ಬಂದರೂ ಕೈಯಲ್ಲಿರುವ ಸಸಿಯನ್ನು ನೆಡಿ ಎಂಬ ಹದೀಸ್‌ಗಳು ನಮ್ಮಲ್ಲಿ ಅನೇಕರಿಗೆ ಬಾಯಿಪಾಠ. ಆದರೆ ಜುಮಾದ ಬಯಾನಿನಲ್ಲಿ ಅವು ಕೇಳಿಸುವುದು ಅಪರೂಪ. 2015ರ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ಮುಸ್ಲಿಮ್ ವಿದ್ವಾಂಸರು ಹವಾಮಾನ ಬದಲಾವಣೆಯ ಬಗ್ಗೆ ಒಂದು ಘೋಷಣೆಯನ್ನೇ ಹೊರಡಿಸಿದರು. ಪೋಪರ ಪತ್ರಕ್ಕಾದರೆ ಬಿಷಪ್, ಪಾದ್ರಿ ಎಂಬ ಮೆಟ್ಟಿಲುಗಳಿವೆ. ಆ ಘೋಷಣೆಯನ್ನು ನಮ್ಮ ಮೊಹಲ್ಲಾದ ಮಿಂಬರಿಗೆ ತಲುಪಿಸುವವರು ಯಾರು?

ಮಳೆ ಕೈಕೊಟ್ಟ ವರ್ಷ ನಾವು ಈದ್ಗಾದಲ್ಲಿ ಸೇರಿ ಇಸ್ತಿಸ್ಕಾ ನಮಾಝ್ ಮಾಡುತ್ತೇವೆ, ಕಣ್ಣೀರಿಟ್ಟು ದುಆ ಬೇಡುತ್ತೇವೆ. ಅಂದಿನ ಖುತ್ಬಾದಲ್ಲಿ ಇಮಾಮರು ಊರಿನ ಕೆರೆಯ ಹೆಸರು ಹಿಡಿದು, ಅದಕ್ಕೆ ಮಣ್ಣು ಸುರಿದವರು ಯಾರೆಂದು ಕೇಳಿದರೆ ಜಮಾಅತಿನಲ್ಲಿ ಎಷ್ಟು ಮಂದಿ ತಲೆ ತಗ್ಗಿಸಬೇಕಾದೀತು?