ಮಾವನಿಗೆ ಆದದ್ದು ನಿನಗೆ ಆಗಬಾರದು

ಕೋಡಿಹಳ್ಳಿ

ಪ್ರೀತಿಯ ಮಂಜು,

ಜ್ವರ ಇಳಿದಿದೆ ಅಂತ ನೀನು ಹೇಳಿದ ಮೇಲೆ ಅಮ್ಮನಿಗೆ ಸಮಾಧಾನ. ನನಗಿಲ್ಲ. ಮಂಗಳೂರಿನಲ್ಲಿ ನಿನಗೆ ಬಂದಿರುವುದು ವೈವಾಕ್ಸ್ ಮಲೇರಿಯಾ. ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುತ್ತದೆ, ಲಿವರಿನಲ್ಲಿ ಅಡಗಿ ಕೂತದ್ದನ್ನು ಮುಟ್ಟುವುದಿಲ್ಲ. ಅದು ತಿಂಗಳುಗಳಾದ ಮೇಲೂ ಎದ್ದು ಮತ್ತೆ ಜ್ವರ ತರಬಹುದು. ಅದಕ್ಕೆಂದೇ 14 ದಿನ ಪ್ರೈಮಾಕ್ವಿನ್ ಕೊಡುವುದು. ಆ ಔಷಧಿ ಬೇಡ ಅನ್ನುತ್ತಿಲ್ಲ ಕಣೋ. ಮೊದಲ ಮಾತ್ರೆ ನುಂಗುವ ಮುಂಚೆ ಡಾಕ್ಟರಿಗೆ ಮಾವನ ವಿಷಯ ಹೇಳಿ ಜಿ6ಪಿಡಿ ಪರೀಕ್ಷೆ ಮಾಡಿಸು.

ಆಗ ನೀನು ತುಂಬಾ ಚಿಕ್ಕವನು. ಆ ಮಾತ್ರೆ ಶುರುಮಾಡಿದ ಕೆಲವೇ ದಿನಕ್ಕೆ ಮಾವನ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಕಣ್ಣು ಹಳದಿಯಾಯಿತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಾಮಾಲೆ ಅಂದುಕೊಂಡು ನಾಟಿ ಔಷಧಿ ಹುಡುಕಿದರು, ಮಾತ್ರೆಯನ್ನು ಯಾರೂ ನಿಲ್ಲಿಸಲಿಲ್ಲ. ಕೊನೆಗೆ ರಕ್ತ ಕೊಡಿಸಿ ಉಳಿಸಿಕೊಂಡೆವು.

ಕೆಂಪು ರಕ್ತಕಣವನ್ನು ಇಂಥ ಔಷಧಿಗಳ ಹೊಡೆತದಿಂದ ಕಾಯುವುದು ಜಿ6ಪಿಡಿ ಅನ್ನುವ ಕಿಣ್ವ. ಅದು ಕಡಿಮೆ ಇದ್ದವರು ಸುಮ್ಮನಿರುವಾಗ ಗಟ್ಟಿಮುಟ್ಟಾಗೇ ಇರುತ್ತಾರೆ. ಔಷಧಿ ಒಳಗೆ ಹೋದಾಗ ಹಳೇ ಕಣಗಳು ಮೊದಲು ಒಡೆಯುತ್ತವೆ. 1956ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಕೊರತೆಯನ್ನು ಪತ್ತೆಮಾಡಿದ್ದೂ ಪ್ರೈಮಾಕ್ವಿನ್ ಕೊಟ್ಟ ಕೈದಿಗಳ ರಕ್ತದಲ್ಲೇ. ಅವರ ಮೈಯ ಮೇಲೆ ಕಲಿತದ್ದನ್ನು ನಾವು ಕೇಳಿಸಿಕೊಳ್ಳದಿದ್ದರೆ ಅನ್ಯಾಯ.

ಈ ಕೊರತೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ. ಅಜ್ಜಿಯಿಂದ ಮಾವನಿಗೆ ಬಂದಿದೆ, ಅಮ್ಮನಿಗೂ ದಾಟಿರಬಹುದು. ಅಮ್ಮನಲ್ಲಿದ್ದರೆ ನಿನಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಮಾವನ ಮಗಳನ್ನು ನಿನಗೆ ತರುವ ಮಾತಿದೆಯಲ್ಲ, ಅವಳಲ್ಲಂತೂ ಅದು ಇದ್ದೇ ಇರುತ್ತದೆ. ಅಪ್ಪನದು ಹೆಣ್ಣುಮಕ್ಕಳೆಲ್ಲರಿಗೂ ಹೋಗುತ್ತದೆ. ನಿನ್ನಲ್ಲೂ ಇದ್ದರೆ ನಿಮಗೆ ಹುಟ್ಟುವ ಹೆಣ್ಣುಮಗುವಿಗೂ ಪೂರ್ತಿ ಕೊರತೆಯೇ ಬರಬಹುದು. ಸಂಬಂಧ ಬೇಡ ಅನ್ನಲು ಇದು ಕಾರಣವಲ್ಲ. ತಿಳಿದಿರಲಿ ಅಷ್ಟೇ. ಅತ್ತೆಯ ಮುಂದೆ ಈಗಲೇ ಎತ್ತಬೇಡ, ನಾನೇ ಹೇಳುತ್ತೇನೆ.

ಕೊರತೆ ಇದ್ದರೂ ದಾರಿಯಿದೆ. ದಿನಾ ಕೊಡುವ ಬದಲು ವಾರಕ್ಕೊಮ್ಮೆಯಂತೆ 8 ವಾರ, ರಕ್ತ ನೋಡುತ್ತಾ ಕೊಡುವುದುಂಟು. ಅದನ್ನು ಡಾಕ್ಟರೇ ನಿರ್ಧರಿಸಲಿ. ಈಗಾಗಲೇ ಮಾತ್ರೆ ನುಂಗಿ ಮೂತ್ರ ಕಪ್ಪಾಗಿದ್ದರೆ ಕೂಡಲೇ ಆಸ್ಪತ್ರೆಗೆ ಓಡು. ಆಗ ಪರೀಕ್ಷೆ ಸರಿಯಾಗಿದೆ ಅಂತ ಬಂದರೂ ನಂಬಬೇಡ. ಹಳೇ ಕಣ ಒಡೆದುಹೋಗಿ, ಹೊಸ ಕಣದಲ್ಲಿ ಕಿಣ್ವ ಜಾಸ್ತಿ ಕಾಣುತ್ತದೆ. ಕೆಲವು ತಿಂಗಳು ಬಿಟ್ಟು ಮತ್ತೆ ನೋಡಿಸಬೇಕು.

ಅಮ್ಮನ ರೇಷ್ಮೆ ಸೀರೆಯ ಟ್ರಂಕಿನಿಂದ ನ್ಯಾಫ್ತಲೀನ್ ಗುಳಿಗೆ ತೆಗೆದು ಬಿಸಾಡಿದೆ, ಅದೂ ಇಂಥವರಿಗೆ ಆಗದು. ಅವರೆಕಾಯಿ ಬಿಡಬೇಕಾ ಅಂತ ಅಮ್ಮ ಗಾಬರಿಯಾಗಿದ್ದಳು. ಅಪಾಯದ್ದು ಬಕ್ಲಾ ಅನ್ನುವ ಬೇರೆ ಕಾಳು, ನಮ್ಮ ಸೊಗಡವರೆಯಲ್ಲ.

ರೇಷ್ಮೆ ಹುಳ ಹಣ್ಣಾಗಿವೆ. ಚಂದ್ರಿಕೆಗೆ ಬಿಟ್ಟು ಗೂಡು ಮಾರಿದ ಮೇಲೆ ನನ್ನ ಮಗನನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತೇನೆ. ನಿನ್ನ ರಿಪೋರ್ಟ್ ಬಂದ ತಕ್ಷಣ ಫೋಟೋ ಕಳಿಸು, ಎಷ್ಟು ಹೊತ್ತಾಗಿದ್ದರೂ ಸರಿ.

ನಿನ್ನ ಅಕ್ಕ