ಆನೆ ಕಾಸಿನ ಬೆಲೆ

ಹಳೇ ನಾಣ್ಯಕ್ಕೆ ಲಕ್ಷ ಕೊಡ್ತೀವಿ ಅನ್ನೋ ವಿಡಿಯೋ ನಿಮಗೂ ಬಂದಿರುತ್ತೆ. ಚನ್ನಪಟ್ಟಣದ ಹತ್ತಿರ ತೋಟದಲ್ಲಿ ಪಾತಿ ಮಾಡುವಾಗ ಆನೆ ಚಿತ್ರದ ತಾಮ್ರದ ಕಾಸು ಸಿಕ್ಕಿದ ನಮ್ಮ ಚಿಕ್ಕಮ್ಮ ಆ ನಂಬರಿಗೆ ಫೋನೂ ಮಾಡಿದ್ದರು. “ಎಂಟು ಲಕ್ಷವಂತೆ ಕಣಪ್ಪ. ಮೊದ್ಲು ಐದು ಸಾವ್ರ ಕಟ್ಬೇಕಂತೆ. ಮಗಳ ಫೀಸಿಗಾಯ್ತದೆ.”

ನಾಣ್ಯ ಸಂಗ್ರಹಿಸುವ ಗೆಳೆಯನಿಗೆ ಫೋಟೋ ಕಳಿಸಿದೆ. ಆನೆ ಇದ್ದ ಮಾತ್ರಕ್ಕೆ ಟಿಪ್ಪುವಿನದಾಗಲ್ಲ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲೂ ಆನೆ ಇದೆ ಅಂದ. ಆದರೆ ಇದರ ಹಿಂಬದಿಯಲ್ಲಿ ಪಾರ್ಸಿ ಲಿಪಿಯಲ್ಲಿ ‘ಪಟನ್’ ಅಂತಿತ್ತು.

“ನಮ್ಮ ಪಟ್ಣನಾ?” ಅಂದರು ಚಿಕ್ಕಮ್ಮ.

ಅಲ್ಲ, ಶ್ರೀರಂಗಪಟ್ಟಣದ ಟಂಕಸಾಲೆ. ಆನೆಯ ಮೇಲಿದ್ದ ಪಾರ್ಸಿ ಅಂಕಿ 5121. ಟಿಪ್ಪು ತನ್ನ ಮೌಲೂದಿ ವರ್ಷವನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದ. ಹಾಗೆ ಓದಿದರೆ 1215, ಅಂದರೆ 1787ರ ಆಸುಪಾಸು.

ಇಂಥವು ಸಾಕಷ್ಟಿವೆ, ಸವೆದದ್ದಕ್ಕೆ ಕೆಲವು ನೂರು ರೂಪಾಯಿ ಬಂದರೆ ಹೆಚ್ಚು. ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯಕ್ಕೆ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಚಿಕ್ಕಮ್ಮ ದುಡ್ಡು ಕಟ್ಟಲಿಲ್ಲ. ಹುಣಸೆಹಣ್ಣು ತಂದು ಕಾಸು ಉಜ್ಜಲು ಕೂತರು, ತಡೆದೆ. ಉಜ್ಜಿದರೆ ಅಂಕಿ ಸವೆಯುತ್ತೆ. ಯಾವ ಮೂಲೆ, ಎಷ್ಟು ಆಳ ಅಂತ ಬರೆದಿಟ್ಟೆವು. ಜಿಲ್ಲಾಧಿಕಾರಿ ಕಚೇರಿಗೆ ತಿಳಿಸುವಾಗ ಬೇಕಾಗೋದೂ ಅದೇ. ಎಲ್ಲಿ ಸಿಕ್ಕಿತು ಅನ್ನೋದು ಮರೆತರೆ, ಅದು ಅಂಗಡಿಯ ಡಬ್ಬಿಯಲ್ಲಿರೋ ಇನ್ನೊಂದು ಆನೆ ಕಾಸು ಅಷ್ಟೆ.