ತಮ್ಮನ ಯೆಜ್ಡಿಯ ಕೇಸಿಂಗ್

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತು, ಓಲೆಗರಿಗಳ ನಡುವೆ ಆಯುಷ್ಯ ಕಳೆದ ನಮ್ಮಂಥವರು ಮೋಟಾರ್ ಸೈಕಲ್ಲಿನ ವಿಷಯ ಬರೆಯಹೊರಟರೆ ವಾಚಕರಿಗೆ ನಗು ಬಂದೀತು. ಆದರೆ ಕಳೆದ ಬೇಸಗೆಯಲ್ಲಿ ಎರಡು ತಿಂಗಳ ಕಾಲ ನಂಜನಗೂಡಿನ ನಮ್ಮ ಮನೆಯ ಜಗಲಿಯಲ್ಲಿ ನಡೆದ ಚರ್ಚೆಯೆಲ್ಲವೂ ಒಂದು ಅಲ್ಯೂಮಿನಿಯಂ ಕವಚವನ್ನು ಕುರಿತದ್ದು. ಅದರಲ್ಲಿ ನಮ್ಮದೊಂದು ಹಳೆಯ ಅಪರಾಧವೂ ಅಡಗಿತ್ತು.

ಗಾಡಿ ನಮ್ಮ ತಮ್ಮನದು. 1988ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್. ರೇಷ್ಮೆ ಇಲಾಖೆಯ ನೌಕರನಾದ ಆತ ಅದರ ಮೇಲೆಯೇ ದಿನವೂ ತಿರುಮಕೂಡಲು ನರಸೀಪುರಕ್ಕೆ ಹೋಗಿಬರುತ್ತಿದ್ದ. ಕಪಿಲೆಯು ಕಾವೇರಿಯನ್ನು ಕೂಡುವ ಆ ಊರಿಗೆ ಉಪನ್ಯಾಸ, ಮದುವೆ, ಜಮೀನಿನ ವ್ಯಾಜ್ಯ ಎಂದು ನಾವೂ ಅವನ ಬೆನ್ನ ಹಿಂದೆ ಕುಳಿತು ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. ಗಾಡಿ ನಮ್ಮ ಸೀಮೆಯದೇ. ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿಯಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ತಯಾರಿಕೆ ಆರಂಭಿಸಿತು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬುದು ಬಂದಿತು. 1996ರಲ್ಲಿ ಕಾರ್ಖಾನೆಯ ಬಾಗಿಲೇ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮರಳಿ ಬಂದವಾದರೂ ಆ ಎಂಜಿನ್ನುಗಳ ಜಾತಿಯೇ ಬೇರೆ. ಅವುಗಳ ಭಾಗ ಹಳೆಯದಕ್ಕೆ ಹೊಂದುವುದಿಲ್ಲ.

ತಮ್ಮ ತೀರಿಕೊಂಡು ಎರಡು ವರ್ಷವಾಯಿತು. ಬೆಂಗಳೂರಿನಲ್ಲಿ ಕಾರುಗಳ ಗೇರ್ ಪೆಟ್ಟಿಗೆಯ ವಿನ್ಯಾಸದ ಕೆಲಸ ಮಾಡುವ ಅವನ ಮಗಳು ರಜೆಗೆ ಬಂದವಳೇ ಕೊಟ್ಟಿಗೆಯಿಂದ ಗಾಡಿಯನ್ನು ಹೊರಗೆಳೆದಳು. ಅಪ್ಪನ ಕಾಲದಿಂದ ಗಾಡಿ ನೋಡಿಕೊಂಡಿದ್ದ ವೃದ್ಧ ಮೆಕ್ಯಾನಿಕ್ಕರನ್ನು ಕರೆಸಿದಳು. ಎಂಜಿನ್ ಇಳಿಸಿ ತೊಳೆದಾಗ, ಎಣ್ಣೆ ಇಳಿಸುವ ಬೋಲ್ಟಿನ ರಂಧ್ರದಿಂದ ಹೊರಟ ಕೂದಲೆಳೆಯಂಥ ಸೀಳು ಕಾಣಿಸಿತು.

“ಇದೇ ಕಾರಾಗಿದ್ದರೆ ಸುಲಭ ದೊಡ್ಡಪ್ಪ” ಎಂದಳು. ತಾನಾಗಿ ಗೇರ್ ಬದಲಾಗುವ ಕಾರುಗಳಲ್ಲಿ ಪೆಟ್ಟಿಗೆಯ ತಳಕ್ಕೆ ಎಣ್ಣೆ ನಿಲ್ಲುವ ತಟ್ಟೆಯೊಂದನ್ನು ಬೋಲ್ಟಿನಿಂದ ಬಿಗಿದಿರುತ್ತಾರೆ. ವೇಗದ ಕಾರುಗಳನ್ನು ಹೊಸದಾಗಿ ಕಟ್ಟುವವರು ತಗಡಿನ ತಟ್ಟೆ ತೆಗೆದು ಎರಕದ ಅಲ್ಯೂಮಿನಿಯಂನ ಆಳವಾದ ತಟ್ಟೆ ಹಾಕುವುದುಂಟು. ಎಣ್ಣೆ ಹೆಚ್ಚು ಹಿಡಿಯುತ್ತದೆ, ಬಿಸಿ ಬೇಗ ಏರುವುದಿಲ್ಲ. ತೀರಾ ಆಳವಾದರೆ ಉಬ್ಬಿಗೆ ತಗಲುವ ಭಯವಷ್ಟೆ. ಯೆಜ್ಡಿಯಲ್ಲಿ ಅಂಥ ಬೇರೆ ತಟ್ಟೆಯಿಲ್ಲ. ಎಡ ಬಲ ಎಂಬ ಎರಡು ಹೋಳುಗಳ ಕೇಸಿಂಗೇ ಎಂಜಿನ್ನಿನ ಮೈ, ಅದೇ ಗೇರಿನ ಎಣ್ಣೆಯ ಪಾತ್ರೆ. ಕ್ಲಚ್ಚೂ ಆ ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಎಂಜಿನ್ ಸಂಖ್ಯೆಯನ್ನು ಒತ್ತಿರುವುದೂ ಅದರ ಮೇಲೆಯೇ.

ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ ಜೋಡಿ ಕೇಸಿಂಗ್ ಸಿಕ್ಕಿತು. ಬೆಳ್ಳಿಯಂತೆ ಹೊಳೆಯುತ್ತಿತ್ತು. ನಿಜ ಹೇಳಬೇಕೆಂದರೆ ನಮಗೆ ಅದೇ ಹಿಡಿಸಿತು, ಹಣ ಕೊಡಲು ಕೈ ಜೇಬಿಗೂ ಹೋಗಿತ್ತು. ಆದರೆ ಸಂಖ್ಯೆ ಇರಬೇಕಾದ ಜಾಗವನ್ನು ಯಾರೋ ಅರದಿಂದ ಉಜ್ಜಿ ನುಣುಪು ಮಾಡಿದ್ದರು. ಕದ್ದ ಗಾಡಿಯದೋ, ಸತ್ತ ಗಾಡಿಯದೋ, ಹೇಳುವವರಾರು? 1988ರ ಮೋಟಾರು ವಾಹನ ಕಾಯ್ದೆಯಂತೆ ಎಂಜಿನ್ ಬದಲಾದರೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ಹದಿನೈದು ವರ್ಷ ದಾಟಿದ ಇಂಥ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಿ ನೋಂದಣಿ ನವೀಕರಿಸಬೇಕು. ಅಲ್ಲಿ ಉಜ್ಜಿದ ಲೋಹಕ್ಕೆ ಏನೆಂದು ಉತ್ತರಿಸುವುದು?

ಹಾಗಾದರೆ ಸೀಳಿದ ಒಂದು ಹೋಳನ್ನು ಮಾತ್ರ ಬೇರೆ ತಂದರಾಗದೇ ಎಂದು ಕೇಳಿದೆವು. ಮೆಕ್ಯಾನಿಕ್ಕರು ತಲೆಯಲ್ಲಾಡಿಸಿದರು. ಎರಡು ಹೋಳುಗಳನ್ನು ಕೂಡಿಸಿಯೇ ಬೇರಿಂಗಿನ ಮನೆಗಳನ್ನು ಕೊರೆದಿರುತ್ತಾರೆ. ಒಂದರ ಜೊತೆಗೆ ಇನ್ನೊಂದು ಗಾಡಿಯ ಹೋಳು ಕೂಡಿದರೆ ಕೂದಲಷ್ಟು ಓರೆಯಾದರೂ ಸಾಕು, ಕ್ರ್ಯಾಂಕು ಬಿಗಿದು ಬೇರಿಂಗು ಬೇಗ ಸವೆಯುತ್ತದೆ. ಈ ಮಾತು ನಮಗೆ ತಟ್ಟನೆ ಅರ್ಥವಾಯಿತು. ಕಳೆದುಹೋದ ಗರಿಯ ಜಾಗಕ್ಕೆ ಮತ್ತೊಂದು ಪ್ರತಿಯ ಗರಿಯನ್ನು ಸೇರಿಸಿ ಇಡೀ ಕಟ್ಟು ಒಂದೇ ಎನ್ನುವವರನ್ನು ನಾವು ಎಷ್ಟು ಬೈದಿಲ್ಲ!

ಉಳಿದದ್ದು ಹಳೆಯದನ್ನೇ ಬೆಸೆಯುವ ದಾರಿ. ಮೊದಲು ಸೀಳಿನ ಕೊನೆ ಎಲ್ಲಿದೆಯೆಂದು ತಿಳಿಯಬೇಕು. ಒಳಗೆ ಸೀಮೆಎಣ್ಣೆ ಸವರಿ ಹೊರಗೆ ಬಿಳಿಯ ಪುಡಿ ಬಳಿದರೆ ಸೀಳಿನ ಉದ್ದಕ್ಕೂ ಕಪ್ಪು ಗೆರೆ ಮೂಡುತ್ತದಂತೆ. ಹುಡುಗಿಯ ಕಣ್ಣು ನಮ್ಮ ವಿಭೂತಿಗಟ್ಟಿಯ ಕಡೆಗೆ ಹೋದುದನ್ನು ಕಂಡು, ಸೀಮೆಸುಣ್ಣ ತರಲು ನಾವೇ ಎದ್ದು ಹೋದೆವು. ಕಣ್ಣಿಗೆ ಒಂದು ಅಂಗುಲ ಕಂಡದ್ದು ಗೆರೆಯಲ್ಲಿ ಎರಡು ಅಂಗುಲವಾಯಿತು.

ಆಗ ಅವಳು ಬೋಲ್ಟನ್ನು ತಿರುಗಿಸಿ ನೋಡುತ್ತ, “ಇದನ್ನು ಇಷ್ಟು ಬಿಗಿದವರು ಯಾರು? ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಥ್ರೆಡ್ಡು. ಮಿತಿ ಮೀರಿದರೆ ಒಡೆಯದೇ ಇರುತ್ತದೆಯೇ? ಅಪ್ಪ ಯಾವಾಗಲೂ ಮೆಕ್ಯಾನಿಕ್ಕರ ತಪ್ಪು ಎನ್ನುತ್ತಿದ್ದರು” ಎಂದಳು.

ಮೆಕ್ಯಾನಿಕ್ಕರು ಅಲ್ಲಿಯೇ ಕುಳಿತಿದ್ದರು. ನಮಗೆ ಬಾಯಿ ಒಣಗಿತು. 1994ರ ಒಂದು ಭಾನುವಾರ ತಮ್ಮನಿಗೆ ಜ್ವರ. ಎಣ್ಣೆ ಬದಲಿಸಲು ನಮಗೆ ಹೇಳಿದ. ಸೋರಬಾರದೆಂದು ನಾವು ಸ್ಪ್ಯಾನರಿಗೆ ಒಂದು ಕೊಳವೆ ಸಿಕ್ಕಿಸಿ ಎಳೆದೆವು. ಟಕ್ ಎಂದದ್ದು ಕೇಳಿಸಿತು. ಒರೆಸಿ ಸುಮ್ಮನಾದೆವು. ಒಂದು ವಾರದ ಬಳಿಕ ನೆಲದಲ್ಲಿ ಕಲೆ ಕಂಡಾಗ ತಮ್ಮ ಹಿಂದಿನ ತಿಂಗಳು ಕೈಯಿಟ್ಟಿದ್ದ ಮೆಕ್ಯಾನಿಕ್ಕರೊಡನೆ ಜಗಳವಾಡಿ, ಮೂರು ವರ್ಷ ಅವರ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಆಗಲೂ ನಾವು ಮಾತನಾಡಲಿಲ್ಲ.

ಇದನ್ನೆಲ್ಲ ಅಂದು ಇಬ್ಬರಿಗೂ ಹೇಳಿದೆವು. ಹುಡುಗಿ ನಮ್ಮ ಮುಖ ನೋಡಲಿಲ್ಲ. ಮೆಕ್ಯಾನಿಕ್ಕರು ಕೈ ಒರೆಸಿಕೊಳ್ಳುತ್ತ, “ನನಗೆ ಗೊತ್ತಿತ್ತು ಮೇಷ್ಟ್ರೇ. ಬೋಲ್ಟಿನ ಮೂಲೆಯೆಲ್ಲ ದುಂಡಗಾಗಿತ್ತು, ನಮ್ಮ ಕೈ ಹಾಗೆ ಎಳೆಯಲ್ಲ. ನಿಮ್ಮ ಹೆಸರು ಹೇಳಿದ್ರೆ ನಿಮ್ಮ ತಮ್ಮ ನಂಬ್ತಿದ್ರಾ?” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಬೆಸುಗೆಯನ್ನು ಮೈಸೂರಿನಲ್ಲಿ ಮಾಡಿಸಿದೆವು. ವರ್ಷಗಟ್ಟಲೆ ಎಣ್ಣೆ ಕುಡಿದ ಎರಕವನ್ನು ಹಾಗೆಯೇ ಬೆಸೆದರೆ ಒಳಗೆ ಗುಳ್ಳೆ ಏಳುತ್ತವೆ. ಕಾಸ್ಟಿಕ್ ಸೋಡಾದಲ್ಲಿ ಅದ್ದಿರೆಂದು ಒಬ್ಬರು ಸಲಹೆಯಿತ್ತರು. ಅದು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ, ವಾಚಕರು ಯಾರೂ ಆ ಗೋಜಿಗೆ ಹೋಗದಿರಲಿ. ಥಿನ್ನರಿನಲ್ಲಿ ತೊಳೆದು, ಕಾಯಿಸಿ, ಒರೆಸಿ, ಮತ್ತೆ ಕಾಯಿಸಿದರು. ಸೀಳು ಮುಂದುವರಿಯದಂತೆ ಅದರ ಕೊನೆಯಲ್ಲಿ ಸಣ್ಣ ರಂಧ್ರ ಕೊರೆದರು. ಶಾಖಕ್ಕೆ ಸೊಟ್ಟಗಾಗದಿರಲೆಂದು ಎರಡು ಹೋಳುಗಳನ್ನು ಕೂಡಿಸಿ ಬಿಗಿದು, ಆರ್ಗಾನ್ ಬೆಸುಗೆಯನ್ನು ಅರ್ಧರ್ಧ ಅಂಗುಲದಂತೆ ಬಿಟ್ಟು ಬಿಟ್ಟು ಹಾಕಿದರು. ಬೋಲ್ಟಿನ ರಂಧ್ರದಲ್ಲಿ ಉಕ್ಕಿನ ಥ್ರೆಡ್ ಸುರುಳಿ ಕೂರಿಸಿದರು. ಗುಜರಿಯ ಹೊಳಪು ಇದಕ್ಕೆ ಬರಲಿಲ್ಲ. ಬೆಸುಗೆ ಮಾಸಿದ ಹೊಲಿಗೆಯಂತೆ ಉಬ್ಬಿ ನಿಂತಿದೆ, ಸಂಖ್ಯೆ ಮಾತ್ರ ಸ್ಪಷ್ಟವಾಗಿದೆ.

ಎಣ್ಣೆ ತುಂಬುವ ಮೊದಲು ತಾಮ್ರದ ವಾಷರ್ ಹಾಕಿ ಬೋಲ್ಟನ್ನು ಬಿಗಿಯುವಾಗ ಹುಡುಗಿ ಸ್ಪ್ಯಾನರನ್ನು ನಮ್ಮ ಕೈಗೇ ಕೊಟ್ಟಳು. ಕೊಳವೆಯಿಲ್ಲದೆ, ಮೆಕ್ಯಾನಿಕ್ಕರು ಸಾಕು ಎಂದ ಕೂಡಲೇ ನಿಲ್ಲಿಸಿದೆವು. ರಾತ್ರಿ ಗಾಡಿಯ ಕೆಳಗೆ ವೃತ್ತಪತ್ರಿಕೆ ಹಾಸಿದೆವು. ಬೆಳಗ್ಗೆ ನೋಡಿದರೆ ಬೆಸುಗೆಯ ನೇರಕ್ಕೆ ಹಾಳೆ ಒಣಗಿತ್ತು. ಎಡಗಡೆ ಗೇರ್ ಲಿವರಿನ ಕೆಳಗೆ ಮಾತ್ರ ಒಂದು ಕಾಸಿನಗಲದ ಕಲೆ. ಅದು ಆ ದಂಡದ ಸೀಲಿನ ಕೆಲಸವೆಂದು ಅವಳು ಚೀಟಿಯಲ್ಲಿ ಬರೆದಿಟ್ಟು, ಬರುವ ಭಾನುವಾರ ಬರುತ್ತೇನೆಂದು ಹೇಳಿ ಬೆಂಗಳೂರಿನ ಬಸ್ಸು ಹತ್ತಿದಳು.